ರೌಟರ್ ರೀಸೆಟ್ ಒತ್ತಬಹುದಾ? ಸಂಜೆ ಆದ್ರೆ ನೆಟ್ ಹೋಗುತ್ತೆ, ಅನುಭವ ಇದ್ದವರು ಹೇಳಿ

ಕೇಳ್ತಿರೋದು, ಸಿದ್ದಾಪುರದ ಹತ್ತಿರದ ಹಳ್ಳಿಯಿಂದ:

ನಮ್ಮನೇಲಿ ಫೈಬರ್ ಹಾಕಿಸಿ ಒಂದೂವರೆ ವರ್ಷ ಆಯ್ತು. ಇಷ್ಟು ದಿನ ಚೆನ್ನಾಗೇ ಇತ್ತು. ಈಗ ಹದಿನೈದು ದಿನದಿಂದ ಸಂಜೆ ಆರೂವರೆ, ಏಳಕ್ಕೆ ನೆಟ್ ಹೋದ್ರೆ ವಾಪಸ್ ಬರೋದು ಬೆಳಿಗ್ಗೆನೇ. ನನ್ನದು ಮನೆಯಿಂದ ಕೆಲಸ, ಮೀಟಿಂಗ್ ಇರೋದೇ ರಾತ್ರಿ ಎಂಟಕ್ಕೆ. ಲೈನಿನವರಿಗೆ ಫೋನ್ ಮಾಡಿದ್ರೆ ಹಗಲು ಹನ್ನೊಂದಕ್ಕೆ ಬರ್ತಾರೆ. ಆಗ ನೆಟ್ ಓಡ್ತಾ ಇರುತ್ತೆ. "ಎಂತ ಇಲ್ವಲ್ಲ ಅಕ್ಕಾ" ಅಂತ ಚಾ ಕುಡಿದು ಹೋಗ್ತಾರೆ. ನಾನೇ ನೋಡೋಣ ಅಂದ್ರೆ ರೌಟರಿನ ಸೆಟ್ಟಿಂಗ್ ಪೇಜೇ ತೆಗೆಯಕ್ಕಾಗ್ತಿಲ್ಲ. ಫೋನಲ್ಲಿ 192.168.1.1 ಹೊಡೆದ್ರೆ ಸುಮ್ಮನೆ ಸುತ್ತುತ್ತಾ ಇರುತ್ತೆ. ಪಾಸ್‌ವರ್ಡ್ ಏನಿಟ್ಟಿದ್ವೋ ಅದೂ ನೆನಪಿಲ್ಲ. ರೀಸೆಟ್ ಮಾಡಿದ್ರೆ ಎಲ್ಲಾ ಸರಿ ಹೋಗುತ್ತೆ ಅಂತ ಯಾರೋ ಹೇಳಿದಾರೆ, ಮಾವ ಸೇಫ್ಟಿ ಪಿನ್ ಹಿಡ್ಕೊಂಡು ರೌಟರ್ ಪಕ್ಕನೇ ಕೂತಿದಾರೆ. ಒತ್ತಬಹುದಾ?

ತೀರ್ಥಹಳ್ಳಿಯಿಂದ:

ಮೊದಲು ಮಾವನ ಕೈಯಿಂದ ಆ ಪಿನ್ ಇಸ್ಕೊಳಿ ಅಕ್ಕ. ಇದು ನಾನು ಮಾಡಿಕೊಂಡ ಎಡವಟ್ಟು. ಆಫ್ ಮಾಡಿ ಆನ್ ಮಾಡೋದು ಬೇರೆ, ಆ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತೋದು ಬೇರೆ. ಒತ್ತಿದ್ರೆ ಕಂಪನಿಯಿಂದ ಬಂದ ದಿನ ಹೇಗಿತ್ತೋ ಹಾಗಾಗುತ್ತೆ. ನಮ್ಮ ಕಡೆ ಎಷ್ಟೋ ಕನೆಕ್ಷನ್‌ಗಳಲ್ಲಿ ಪಿಪಿಪಿಓಇ ಅಂತ ಒಂದು ಲಾಗಿನ್ ಇರುತ್ತೆ, ಒಂದು ಯೂಸರ್ ಐಡಿ, ಒಂದು ಪಾಸ್‌ವರ್ಡ್. ಹಾಕಿಕೊಡೋಕೆ ಬಂದ ಹುಡುಗ ಅದನ್ನ ರೌಟರ್ ಒಳಗೆ ತುಂಬಿಸಿ ಹೋಗಿರ್ತಾನೆ, ನಮಗೆ ಹೇಳಿರಲ್ಲ. ಜೊತೆಗೆ ವಿಲ್ಯಾನ್ ಅಂತ, ಕಂಪನಿ ಲೈನಿನಲ್ಲಿ ನಮ್ಮ ನೆಟ್‌ನ ದಾರಿ ಗುರುತಿಸೋ ಒಂದು ನಂಬರೂ ಇರುತ್ತೆ. ರೀಸೆಟ್ ಮಾಡಿದ್ರೆ ಎರಡೂ ಹೋಯ್ತು. ನಾನು ಒತ್ತಿದ್ದು ಶನಿವಾರ ಸಂಜೆ. ವೈಫೈ ಹೆಸರು ಬಂತು, ಪೇಜೂ ತೆಗೀತು, ನೆಟ್ ಮಾತ್ರ ಇಲ್ಲ. ಸೋಮವಾರ ಮಧ್ಯಾಹ್ನ ಆ ಹುಡುಗ ಫೋನ್ ತೆಗೆಯೋ ತನಕ ಬಾಯಿ ಮುಚ್ಕೊಂಡು ಕೂತಿದ್ದೆ.

ಒತ್ತಲೇಬೇಕು ಅಂತಿದ್ರೆ ಐಡಿ, ಪಾಸ್‌ವರ್ಡ್, ವಿಲ್ಯಾನ್ ಮೂರೂ ಕೇಳಿ ಬರ್ಕೊಂಡ ಮೇಲೆ. ನಾನೀಗ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದೀನಿ.

ಮೈಸೂರಿನಿಂದ:

ಪೇಜ್ ಯಾಕೆ ತೆಗೀತಿಲ್ಲ ಅನ್ನೋದಕ್ಕೆ ಮಾತ್ರ ಹೇಳ್ತೀನಿ. ಎಲ್ಲ ರೌಟರಿಗೂ 192.168.1.1 ಅಲ್ಲ. ಕೆಲವು 192.168.0.1, ಹುವಾವೇ ಡಬ್ಬಿಗಳಲ್ಲಿ 192.168.100.1, ಜಿಯೋ ಫೈಬರ್‌ನಲ್ಲಿ 192.168.29.1. ಊಹೆ ಮಾಡೋದು ಬೇಡ, ಫೋನೇ ಹೇಳುತ್ತೆ. ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ಕನೆಕ್ಟ್ ಆಗಿರೋ ಹೆಸರಿನ ಪಕ್ಕ ಒತ್ತಿ, ಕೆಳಗೆ ಗೇಟ್‌ವೇ ಅಂತ ಒಂದು ನಂಬರ್ ಇರುತ್ತೆ. ಅದೇ ನಿಮ್ಮ ರೌಟರ್ ವಿಳಾಸ. ಅಲ್ಲೇ ನಿಮ್ಮ ಫೋನಿನ ಐಪಿ 169.254 ಅಂತ ಶುರುವಾಗಿದ್ರೆ ರೌಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ ಅಂತ ಅರ್ಥ. ವೈಫೈ ಬಿಟ್ಟು ಮತ್ತೆ ಸೇರಿಕೊಳ್ಳಿ.

ಇನ್ನೊಂದು, ನಿಮ್ಮದು ಇದೇ ಇರಬೇಕು ಅನ್ಸುತ್ತೆ: ಮೊಬೈಲ್ ಡೇಟಾ ಆಫ್ ಮಾಡಿ. ವೈಫೈನಲ್ಲಿ ನೆಟ್ ಇಲ್ಲ ಅಂತ ಗೊತ್ತಾದ ತಕ್ಷಣ ಫೋನು ಕಳ್ಳತನದಲ್ಲಿ ಸಿಮ್ಮಿನ ದಾರಿ ಹಿಡಿಯುತ್ತೆ. ಆಮೇಲೆ ನೀವು ಹೊಡೆದ ವಿಳಾಸವನ್ನ ಅದು ಹುಡುಕೋದು ಟವರ್ ಕಡೆ, ನಿಮ್ಮ ಗೋಡೆ ಮೇಲಿನ ಡಬ್ಬಿ ಹತ್ರ ಅಲ್ಲ. ಕೆಲವು ಫೋನಲ್ಲಿ "ನೆಟ್ ಇಲ್ಲದಿದ್ರೂ ಈ ವೈಫೈನಲ್ಲೇ ಇರಲಾ" ಅಂತ ಕೇಳುತ್ತೆ, ಹೌದು ಅನ್ನಿ. ಆಫೀಸಿನ ವಿಪಿಎನ್ ಇದ್ರೆ ಅದನ್ನೂ ನಿಲ್ಲಿಸಿ. ಬ್ರೌಸರ್ ತಾನಾಗೇ ಎಚ್‌ಟಿಟಿಪಿಎಸ್ ಸೇರಿಸಿದ್ರೆ ಕೊನೇ ಎಸ್ ಅಳಿಸಿ ಹೊಡೀರಿ.

ಪಾಸ್‌ವರ್ಡ್ ಬದಲಾಯಿಸಿರದಿದ್ರೆ ಡಬ್ಬಿ ಬೆನ್ನ ಹಿಂದಿನ ಚೀಟೀಲೇ ಇರುತ್ತೆ. ವೈಫೈ ಪಾಸ್‌ವರ್ಡ್ ಬೇರೆ, ಪೇಜಿನದು ಬೇರೆ. ನಮ್ಮ ತಂದೆ ಅದನ್ನೇ ಹತ್ತು ಸಲ ಹೊಡೆದು ಲಾಕ್ ಮಾಡಿಕೊಂಡಿದ್ರು. ಪೇಜ್ ತೆಗೆಯೋಕೆ ನೆಟ್ ಬೇಕಿಲ್ಲ ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು ಮನೆಯೊಳಗಿನ ಮಾತುಕತೆ ಅಷ್ಟೇ.

ಬೆಂಗಳೂರಿನಿಂದ:

ಡಿಎನ್ಎಸ್, ಅಂದ್ರೆ ವೆಬ್‌ಸೈಟ್ ಹೆಸರಿಗೆ ಅದರ ವಿಳಾಸ ಹುಡುಕಿ ಕೊಡೋದು, ಅದಕ್ಕೆ 8.8.8.8 ಹಾಕಿ ನೋಡಿ. ನಂಗೆ ಅದರಲ್ಲೇ ಸರಿ ಹೋಯ್ತು.

ಸಾಗರದಿಂದ, ಫೈಬರ್ ಜೋಡಿಸೋ ಕೆಲಸದವನು:

ಮೇಲಿನವರಿಗೆ, ಬೇಜಾರಾಗಬೇಡಿ ಸರ್. ವಾಟ್ಸಾಪ್ ಹೋಗ್ತಿದೆ, ಆದ್ರೆ ವೆಬ್‌ಸೈಟ್ ತೆಗೀತಿಲ್ಲ ಅಂದಾಗ ಡಿಎನ್ಎಸ್ ಸರಿ. ಬೆಳಕೇ ಬರದಿದ್ರೆ ಏನು ಹಾಕಿದ್ರೂ ಅಷ್ಟೇ.

ಮೇಡಂ, ನೆಟ್ ಹೋದಾಗ ಡಬ್ಬಿ ಮೇಲಿನ ದೀಪ ಏನು ಹೇಳ್ತಿದೆ ಅಂತ ನೀವು ಬರೆದೇ ಇಲ್ಲ. ನಮಗೆ ಅದೇ ಅರ್ಧ ಕೆಲಸ. ಎರಡೇ ನೋಡಿ. ಪಿಓಎನ್ ಅನ್ನೋದು, ಅಂದ್ರೆ ಫೈಬರ್ ಲೈನ್ ಸೇರಿದೆ ಅಂತ ಹೇಳೋ ದೀಪ, ಹಸಿರಾಗಿ ನಿಂತಿರಬೇಕು. ಎಲ್‌ಓಎಸ್ ಅನ್ನೋದು ಆರಿರಬೇಕು. ಎಲ್‌ಓಎಸ್ ಕೆಂಪಾಗಿ ಮಿಣುಕಿದ್ರೆ ಫೈಬರಿನೊಳಗೆ ಬೆಳಕು ಮುಟ್ತಿಲ್ಲ. ಆಗ ರೌಟರ್ ಸೆಟ್ಟಿಂಗ್‌ಗೂ ಅದಕ್ಕೂ ಸಂಬಂಧವೇ ಇಲ್ಲ, ರೀಸೆಟ್ ಮಾಡಿದ್ರೆ ಇದ್ದದ್ದೂ ಹೋಗುತ್ತೆ. ಎರಡೂ ದೀಪ ಸರಿ ಇದ್ದು ನೆಟ್ ಇಲ್ಲ ಅಂದ್ರೆ ಆಗ ಲಾಗಿನ್ನು, ರೀಚಾರ್ಜು, ಆಫೀಸ್ ಕಡೆಯ ತೊಂದರೆ ಅಂತ ಹುಡುಕಬೇಕು.

ಪೇಜ್ ತೆಗೆಯೋಕೆ ಬಂದ್ರೆ ಒಳಗೆ ಆಪ್ಟಿಕಲ್ ಅಥವಾ ಪಿಓಎನ್ ಅನ್ನೋ ಕಡೆ ಆರ್‌ಎಕ್ಸ್ ಪವರ್ ಅಂತ ಇರುತ್ತೆ, ಡಬ್ಬಿಗೆ ಬಂದು ಮುಟ್ಟೋ ಬೆಳಕಿನ ಬಲ, ಮೈನಸ್ಸಲ್ಲಿ. ಮೈನಸ್ 20ರ ಆಸುಪಾಸು ಇದ್ರೆ ಚಿನ್ನ. 25 ದಾಟಿದ್ರೆ ನಮಗೆ ಹೆದರಿಕೆ, 27ರ ಮೇಲೆ ಹೋದ್ರೆ ಡಬ್ಬಿ ಕೈಬಿಡುತ್ತೆ. ಮೈನಸ್ 20 ಇದ್ದದ್ದು ಮೈನಸ್ 23 ಆದ್ರೆ ಬೆಳಕು ಅರ್ಧ ಆಯ್ತು ಅಂತ ಲೆಕ್ಕ, ಅದಕ್ಕೇ ಎರಡು ಮೂರು ಅಂದ್ರೂ ಸಣ್ಣದಲ್ಲ.

ಕೊನೇದಾಗಿ ಕೇಳ್ತೀನಿ, ಸಂಜೆ ಆರೂವರೆಗೆ ನಿಮ್ಮ ಮನೇಲಿ ಏನು ಬದಲಾಗುತ್ತೆ? ಹಗಲೆಲ್ಲಾ ಸರಿ, ದಿನಾ ಒಂದೇ ಹೊತ್ತಿಗೆ ಹೋಗುತ್ತೆ ಅಂದ್ರೆ ಅದು ಕಂಬದ ಮೇಲಿನ ತೊಂದರೆ ಇರೋದು ಕಡಿಮೆ. ಮಂಗ ಜೋತಾಡಿದ್ರೆ, ಅಡಿಕೆ ಮರಕ್ಕೆ ಕಟ್ಟಿದ ವಯರ್ ಗಾಳಿಗೆ ಎಳೆದ್ರೆ ಹೊತ್ತುಗೊತ್ತು ಇರಲ್ಲ. ನಾನೊಂದು ಮನೇಲಿ ನೋಡಿದೀನಿ, ಗಾಡ್ರೇಜ್ ಬೀರು ಹಿಂದೆ ಫೈಬರ್ ಹೋಗಿತ್ತು, ಬೀರು ಸರಿಸಿದಾಗ ಒತ್ತಿ ಮಡಚಿತ್ತು. ಫೈಬರ್ ತುಂಡಾಗಬೇಕಂತಿಲ್ಲ, ಚೂಪಾಗಿ ಬಗ್ಗಿದ್ರೆ ಸಾಕು, ಬೆಳಕು ಅಲ್ಲೇ ಹೊರಗೆ ಸೋರಿ ಹೋಗುತ್ತೆ. ಫೈಬರ್ ಡಬ್ಬಿಗೆ ಸೇರೋ ಕಡೆಯ ಹಸಿರು ಪಿನ್ ಮಾತ್ರ ನೀವು ಕಿತ್ತು ನೋಡಬೇಡಿ. ಅದರ ತುದಿಗೆ ಬೆರಳು ತಾಗಿದ್ರೆ ಕೊಳೆ ಕೂರುತ್ತೆ, ಒಳಗಿನ ಬೆಳಕು ಕಣ್ಣಿಗೆ ಕಾಣಲ್ಲ ಆದ್ರೆ ಕಣ್ಣಿಗೆ ಒಳ್ಳೇದಲ್ಲ.

ಪುತ್ತೂರಿನಿಂದ:

ಅಡಾಪ್ಟರ್ ಸಹ ಒಮ್ಮೆ ನೋಡಿ. ನಮ್ಮಲ್ಲಿ ಕರೆಂಟ್ ಹೋಗಿ ಇನ್ವರ್ಟರ್‌ಗೆ ಬೀಳುವ ಹೊತ್ತಿಗೆ ರೌಟರ್ ಆಫ್ ಆಗಿ ಮತ್ತೆ ಎದ್ದೇಳ್ತಿತ್ತು. ಬದಲಾಯಿಸುವಾಗ ವೋಲ್ಟ್ ಅದೇ ಇರಬೇಕು, ಆಂಪ್ ಕಡಿಮೆ ಇರಬಾರದು. 12 ವೋಲ್ಟ್ ರೌಟರಿಗೆ ಹಳೇ ಸೆಟ್ ಟಾಪ್ ಬಾಕ್ಸಿನ 5 ವೋಲ್ಟಿನದ್ದು ಹಾಕಿ ನನ್ನ ಭಾವ ಒಂದು ವಾರ ತಲೆ ಕೆಡಿಸಿಕೊಂಡಿದ್ದರು. ಗುಡುಗು ಶುರುವಾದರೆ ಪ್ಲಗ್ ತೆಗೆದುಬಿಡಿ. ಫೈಬರಿನ ಗಾಜಿನಲ್ಲಿ ಸಿಡಿಲು ಬರುವುದಿಲ್ಲ ನಿಜ, ಕರೆಂಟಿನ ವಯರಲ್ಲಿ ಬರುತ್ತದಲ್ಲ.

ಕೇಳಿದವಳೇ, ಮೂರನೇ ದಿನ:

ಸಿಕ್ಕಿತು! ಸಾಗರದವರು ಏನು ಬದಲಾಗುತ್ತೆ ಅಂತ ಕೇಳಿದ್ರಲ್ಲ, ಅದನ್ನ ಅತ್ತೆ ಎದುರಿಗೆ ಓದಿದೆ. ಅವರು ಒಂದೇ ಮಾತು ಹೇಳಿದ್ದು, "ದೀಪ ಹಚ್ಚೋ ಹೊತ್ತಿಗೆ ನಾ ಕಿಟಕಿ ಹಾಕ್ತೆ." ಮಳೆ ಶುರುವಾಗಿ ಸೊಳ್ಳೆ ಜಾಸ್ತಿ ಆಗಿದೆ ನೋಡಿ, ಹದಿನೈದು ದಿನದಿಂದ ಸಂಜೆ ಆದ್ರೆ ಜಗುಲಿ ಕಿಟಕಿಗಳನ್ನೆಲ್ಲಾ ಹಾಕ್ತಾರೆ. ಫೈಬರ್ ಒಳಗೆ ಬಂದಿರೋದು ಅದೇ ಕಿಟಕಿಯ ಚೌಕಟ್ಟಿನ ಮೂಲೆಯಿಂದ. ಗೋಡೆ ಕೊರೆಯೋದು ಬೇಡ ಅಂತ ಆವತ್ತು ನಾವೇ ಹೇಳಿದ್ದು. ಸಾಗುವಾನಿ ಬಾಗಿಲು, ಮಳೆಗೆ ಉಬ್ಬಿದೆ ಬೇರೆ. ಹಾಕಿದ ಕೂಡಲೇ ವಯರ್ ಮಡಚಿ ಅಪ್ಪಚ್ಚಿ.

ಮೈಸೂರಿನವರು ಹೇಳಿದ ಹಾಗೆ ಡೇಟಾ ಆಫ್ ಮಾಡಿ, ಗೇಟ್‌ವೇ ನೋಡಿದೆ. ನಮ್ಮದು 192.168.100.1. ಇಷ್ಟು ದಿನ ತಪ್ಪು ಬಾಗಿಲು ತಟ್ಟಿದೀನಿ. ಪಾಸ್‌ವರ್ಡ್ ಚೀಟೀಲೇ ಇತ್ತು, ಧೂಳು ಒರೆಸಿದ್ಮೇಲೆ ಕಾಣ್ತು. ಕಿಟಕಿ ತೆಗೆದಿದ್ದಾಗ ಮೈನಸ್ 23.9. ನಾನು ಫೋನ್ ಹಿಡಿದು ನಿಂತು, ಮಾವ ಅಲ್ಲಿ ನಿಧಾನಕ್ಕೆ ಕಿಟಕಿ ಎಳೀತಾ ಬಂದ್ರು. ಪೇಜ್ ರಿಫ್ರೆಶ್ ಮಾಡಿದ ಹಾಗೆ 24.4, 25.8, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಚ್ಚಿದಾಗ 27.2. ಚಿಲಕ ಹಾಕಿದ್ರೆ ಎಲ್‌ಓಎಸ್ ಕೆಂಪು. ಮೂರು ಸಲ ಮಾಡಿಸಿದ್ರು ಮಾವ, ಅವರಿಗೆ ಆಟ ಆಗಿಹೋಯ್ತು.

ಲೈನಿನವರಿಗೆ ಫೋನ್ ಮಾಡಿ "ಎಲ್‌ಓಎಸ್ ಕೆಂಪು, ಕಿಟಕಿ ಹಾಕಿದಾಗ 27 ದಾಟುತ್ತೆ" ಅಂದೆ. ಅರ್ಧ ಗಂಟೇಲಿ ಡ್ರಿಲ್ ಹಿಡಿದು ಬಂದ್ರು. ಲಾಗಿನ್ ಐಡಿ, ವಿಲ್ಯಾನ್ ನಂಬರ್ ಕೇಳಿ ನಾನೂ ಕ್ಯಾಲೆಂಡರ್ ಹಿಂದೆ ಬರ್ಕೊಂಡಿದೀನಿ. ಮಾವನ ಸೇಫ್ಟಿ ಪಿನ್ ಈಗ ಸೊಳ್ಳೆ ಪರದೆ ಹರಿದ ಕಡೆ ಇದೆ.