ಪದಚರ್ಚೆ: ಟ್ಯಾಕ್ಟ್ ಟೈಮ್, ಸೈಕಲ್ ಟೈಮ್, ಲೀಡ್ ಟೈಮ್‌ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಅಸೆಂಬ್ಲಿ ಲೈನಿನಲ್ಲಿ ಕೆಲಸಕ್ಕೆ ಸೇರಿದ ಐಟಿಐ ಹುಡುಗ ಹುಡುಗಿಯರಿಗಾಗಿ ಲೀನ್ (ವ್ಯರ್ಥ ತಗ್ಗಿಸುವ ಉತ್ಪಾದನಾ ಕ್ರಮ) ಪಾಠಗಳು ಕನ್ನಡದಲ್ಲಿ ಸಿದ್ಧವಾಗುತ್ತಿವೆ. ಕರಡಿನಲ್ಲಿ ಟ್ಯಾಕ್ಟ್ ಟೈಮ್, ಸೈಕಲ್ ಟೈಮ್ ಎರಡಕ್ಕೂ ‘ಆವರ್ತನ ಸಮಯ’ ಎಂದಿದೆ. ಲೀಡ್ ಟೈಮ್‌ಗೆ ‘ಮುನ್ನಡೆ ಸಮಯ’. ಇವು ನಿಲ್ಲುತ್ತವೆಯೇ?

ಉತ್ತರ: ‘ಮುನ್ನಡೆ ಸಮಯ’ವನ್ನು ಕೈಬಿಡಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಮೊದಲೆರಡಕ್ಕೂ ಒಂದೇ ಪದ ಇಟ್ಟಿರುವುದು. ಆ ಎರಡರ ನಡುವಿನ ಅಂತರವೇ ಪಾಠದ ತಿರುಳು.

ಟಾಕ್ಟ್ ಜರ್ಮನ್ ಪದ, ಸಂಗೀತದ ಬಡಿತ, ಗತಿ ಎಂಬ ಅರ್ಥದ್ದು. 1930ರ ದಶಕದಲ್ಲಿ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಬಳಕೆಯಲ್ಲಿತ್ತು, ಮುಂದೆ ಟೊಯೋಟಾದ ಉತ್ಪಾದನಾ ಪದ್ಧತಿಯ ಮೂಲಕ ಎಲ್ಲೆಡೆ ಹರಡಿತು. ಈ ಗತಿಯನ್ನು ಗೊತ್ತುಮಾಡುವುದು ಗಿರಾಕಿಯ ಬೇಡಿಕೆ, ಯಂತ್ರವಲ್ಲ.

ಲೆಕ್ಕ ಹಾಕಿ. 480 ನಿಮಿಷದ ಪಾಳಿಯಲ್ಲಿ ಊಟ, ಚಹಾ, ಮೀಟಿಂಗ್, ಸ್ವಚ್ಛತೆಗೆ 60 ನಿಮಿಷ ಕಳೆದರೆ ಉಳಿಯುವುದು 420 ನಿಮಿಷ, ಅಂದರೆ 25,200 ಸೆಕೆಂಡು. ಪಾಳಿಯ ಬೇಡಿಕೆ 360 ಪೀಸ್ ಇದ್ದರೆ, ಅದರಿಂದ ಭಾಗಿಸಿ, ಟ್ಯಾಕ್ಟ್ 70 ಸೆಕೆಂಡು. ಇದು ಒಂದು ಪೀಸ್‌ಗೆ ‘ಸಿಗುವ ಸಮಯ’. ಲೈನಿನ ನಾಲ್ಕು ಸ್ಟೇಷನ್‌ಗಳಲ್ಲಿ (ಒಬ್ಬೊಬ್ಬರು ನಿಂತು ಕೆಲಸ ಮಾಡುವ ಜಾಗ) ಕೆಲಸಕ್ಕೆ 55, 62, 84, 48 ಸೆಕೆಂಡು ಬೇಕಾಗುತ್ತದೆ ಅನ್ನಿ. ಇದು ‘ಹಿಡಿಯುವ ಸಮಯ’, ಸೈಕಲ್ ಟೈಮ್. ಸಿಗುವುದು 70, ಮೂರನೇ ಸ್ಟೇಷನ್ನಿನಲ್ಲಿ ಹಿಡಿಯುವುದು 84. ಹಾಗಾಗಿ ಪಾಳಿ ಮುಗಿಯುವಾಗ 300 ಪೀಸ್ ಮಾತ್ರ ಹೊರಬರುತ್ತವೆ. ಅಲ್ಲಿನ 16 ಸೆಕೆಂಡಿನ ಕೆಲಸವನ್ನು ನಾಲ್ಕನೆಯದಕ್ಕೆ ಸರಿಸಿದರೆ 68 ಮತ್ತು 64 ಆಗುತ್ತದೆ, ಓವರ್‌ಟೈಮ್ ಬೇಕಿಲ್ಲ.

ಹೆಚ್ಚಿನವರು ಎಡವುವುದು ಯಂತ್ರ ಕೆಟ್ಟು ನಿಂತ ಹೊತ್ತನ್ನೂ ಪಾಳಿಯ ಆ 420 ನಿಮಿಷದಿಂದ ಕಳೆಯುವಲ್ಲಿ. ಇನ್ನೂ 60 ನಿಮಿಷ ಕಳೆದರೆ ಟ್ಯಾಕ್ಟ್ 60 ಸೆಕೆಂಡಿಗೆ ಇಳಿಯುತ್ತದೆ. ಒಟ್ಟು ಕೆಲಸ 249 ಸೆಕೆಂಡು, ಅದನ್ನು 60ರಿಂದ ಭಾಗಿಸಿದರೆ ನಾಲ್ವರು ಸಾಲದು, ಐದನೆಯವರು ಬೇಕು ಎನ್ನುತ್ತದೆ ಲೆಕ್ಕ. ಬ್ರೇಕ್‌ಡೌನ್ ಹಾಗೇ ಉಳಿಯುತ್ತದೆ, ಜನ ಹೆಚ್ಚುತ್ತಾರೆ.

ಲೀಡ್ ಟೈಮ್‌ಗೆ ‘ಒಳಬಂದು ಹೊರಹೋಗುವ ತನಕ’ ಎಂದೇ ಬಿಡಿಸಿ ಬರೆಯಿರಿ. ಸ್ಟೇಷನ್‌ಗಳ ನಡುವೆ 720 ಪೀಸ್ ರಾಶಿಬಿದ್ದಿದ್ದು, ಪಾಳಿಗೆ 360 ಹೊರಹೋಗುತ್ತಿದ್ದರೆ ಈಗ ಒಳಬಂದ ಪೀಸ್ ಹೊರಬೀಳಲು ಎರಡು ಪಾಳಿ. ಕೈ ಮುಟ್ಟುವುದು 249 ಸೆಕೆಂಡು ಮಾತ್ರ, ಮಿಕ್ಕಿದ್ದೆಲ್ಲ ಕಾಯುವಿಕೆ.

ಬೋರ್ಡಿನ ಮೇಲೆ ‘ಟ್ಯಾಕ್ಟ್ (ಸಿಗುವ ಸಮಯ)’, ‘ಸೈಕಲ್ (ಹಿಡಿಯುವ ಸಮಯ)’ ಎಂದು ಜೋಡಿಯಾಗಿ ಬರೆಯುವುದು ನನಗೆ ಸರಿಕಾಣುತ್ತದೆ. ಆಡಿಟ್‌ಗೆ ಬಂದವರು ಕೇಳುವುದು ಮೂಲ ಪದವನ್ನೇ.

ಇನ್ನೊಂದು ಉತ್ತರ: ‘ಹಿಡಿಯುವ ಸಮಯ’ಕ್ಕೆ ನನ್ನ ಬೆಂಬಲವೂ ಇದೆ. ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕೆಂಬುದೂ ಪಾಠದಲ್ಲಿರಲಿ. ಒಂದು ಪೀಸ್ ಫಿಕ್ಸ್ಚರ್ (ಕೆಲಸದ ವೇಳೆ ಪೀಸನ್ನು ಹಿಡಿದಿಡುವ ಸಾಧನ) ಬಿಟ್ಟ ಕ್ಷಣದಿಂದ ಮುಂದಿನದು ಬಿಡುವ ತನಕ. ಕ್ಲ್ಯಾಂಪ್ ಹಾಕಿ ಬಿಚ್ಚುವವರೆಗೆ ಮಾತ್ರ ಅಳೆದರೆ ಟ್ರೇ ಕಡೆಗೆ ನಡೆದ ಹೆಜ್ಜೆಗಳು ಬಿಟ್ಟುಹೋಗುತ್ತವೆ. ಹತ್ತು ಸಲ ಅಳೆದು, ಮತ್ತೆ ಮತ್ತೆ ಬರುವ ಅತಿ ಕಡಿಮೆ ಅಂಕಿಯನ್ನು ತೆಗೆದುಕೊಳ್ಳಿ, ಸರಾಸರಿ ಬೇಡ. ಸ್ಕ್ರೂ ಜಾರಿದ್ದು, ಟ್ರೇ ಖಾಲಿಯಾಗಿ ಕಾದದ್ದು ಸರಾಸರಿಯೊಳಗೆ ಕರಗಿಬಿಡುತ್ತವೆ. ಅವುಗಳಿಗೆ ಪಕ್ಕದಲ್ಲಿ ಬೇರೆ ಕಲಂ ಮಾಡಿ.