‘ವೇಲ್ಸ್’ ಹೆಸರಿನ ಕೊನೆಯ ‘ಸ್’ ಎಲ್ಲಿಯದು?

ಪ್ರಶ್ನೆ: ಬ್ರಿಟನ್ನಿನ ಪಶ್ಚಿಮದ ನಾಡಾದ ‘ವೇಲ್ಸ್’ನ ಹೆಸರು ‘ಪರಕೀಯ’ ಎಂಬರ್ಥದ ಹಳೆಯ ಇಂಗ್ಲಿಷ್ ಶಬ್ದದಿಂದ ಬಂದಿದೆ ಎಂದು ಓದಿದೆ. ಆ ಶಬ್ದದ ಮೂಲವೇನು, ಅದರ ವಿಭಕ್ತಿರೂಪಗಳು ಹೇಗಿದ್ದವು? ವೆಲ್ಷ್ ಜನ ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ: ‘ಪರಕೀಯ’ ಎಂಬ ಅರ್ಥ ಅರೆಬರೆಯಾದುದು. ರೋಮಿನ ಸೇನಾನಿ ಸೀಸರ್ ಉಲ್ಲೇಖಿಸುವ ‘ವೋಲ್ಕೆ’ ಎಂಬ ಕೆಲ್ಟಿಕ್ ಬುಡಕಟ್ಟಿನ ಹೆಸರನ್ನು ನೆರೆಯ ಜರ್ಮಾನಿಕ್ ಜನ (ಇಂಗ್ಲಿಷ್, ಜರ್ಮನ್ ಮುಂತಾದ ಭಾಷೆಗಳ ಮೂಲವನ್ನಾಡುತ್ತಿದ್ದವರು) ಬಹಳ ಹಿಂದೆಯೇ ಎರವಲು ಪಡೆದರು, ಅವರ ಬಾಯಲ್ಲಿ ಒಕಾರ ಅಕಾರವಾಗಿ, ಕಕಾರ ಹಕಾರವಾಗಿ ‘ವಲ್ಹಜ್’ ಎಂಬ ರೂಪ ಹುಟ್ಟಿತು ಎಂಬುದು ಹೆಚ್ಚಿನ ವಿದ್ವಾಂಸರ ಮತ. ಮುಂದೆ ಅದು ಕೆಲ್ಟರಿಗೂ ಲ್ಯಾಟಿನ್ ಮೂಲದ ಭಾಷೆಯಾಡುವವರಿಗೂ ಸಲ್ಲುವ ಹೆಸರಾಯಿತು. ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ ‘ವಾಲ್‌ಲಾಂಡ್’ ಎಂದರೆ ಫ್ರಾನ್ಸ್.

ಹಳೆಯ ಇಂಗ್ಲಿಷಿನಲ್ಲಿ ಪ್ರಥಮಾ ಏಕವಚನ ‘ವೆಅಲ್ಹ್’. ಪ್ರತ್ಯಯದ ಸ್ವರ ಸೇರಿದೊಡನೆ ಲಕಾರದ ಮುಂದಿನ ಹಕಾರ ಲೋಪವಾಗಿ, ಅದಕ್ಕೆ ಪರಿಹಾರವೆಂಬಂತೆ ಹಿಂದಿನ ಸ್ವರ ದೀರ್ಘವಾಗುತ್ತಿತ್ತು: ಷಷ್ಠಿಯಲ್ಲಿ ‘ವೇಅಲೆಸ್’, ಪ್ರಥಮಾ ಬಹುವಚನದಲ್ಲಿ ‘ವೇಅಲಸ್’, ಚತುರ್ಥೀ ಬಹುವಚನದಲ್ಲಿ ‘ವೇಅಲುಮ್’. ಹೀಗಾಗಿ ಇಂದಿನ ‘ವೇಲ್ಸ್’ ಮೂಲತಃ ನಾಡಿನ ಹೆಸರಲ್ಲ, ಜನರನ್ನು ಸೂಚಿಸುವ ಬಹುವಚನ. ಕೊನೆಯ ‘ಸ್’ ಆ ಪ್ರತ್ಯಯದ ಉಳಿಕೆ. ಇಂಗ್ಲೆಂಡಿನ ಹಳೆಯ ರಾಜ್ಯವಾದ ವೆಸೆಕ್ಸಿನ ಇನೆ ದೊರೆಯ (688–726) ಕಾನೂನುಗಳಲ್ಲಿ ‘ವೆಅಲ್ಹ್’ನ ಪ್ರಾಣಕ್ಕೆ ಕಟ್ಟಿದ ಬೆಲೆ ಸಮಾನ ಅಂತಸ್ತಿನ ಇಂಗ್ಲಿಷನದಕ್ಕಿಂತ ಕಡಿಮೆ. ಬರಬರುತ್ತಾ ಆ ಶಬ್ದಕ್ಕೆ ‘ಗುಲಾಮ’ ಎಂಬ ಅರ್ಥವೂ ಅಂಟಿಕೊಂಡದ್ದು ನೋವಿನ ಸಂಗತಿ.

ಆ ಜನ ತಮಗೆ ಇಟ್ಟುಕೊಂಡ ಹೆಸರೇ ಬೇರೆ. ‘ಒಂದೇ ನಾಡಿನವನು’ ಎಂಬರ್ಥದ ಪ್ರಾಚೀನ ‘ಕೊಂಬ್ರೊಗೊಸ್’ನಿಂದ ಏಕವಚನ ‘ಕಮ್ರೊ’ ಬಂತು. ಬಹುವಚನ ‘ಕೊಂಬ್ರೊಗೀ’ಯ ಕೊನೆಯ ಈಕಾರ ತಾನು ಅಳಿಯುವ ಮುನ್ನ ಒಳಗಿನ ಒಕಾರವನ್ನು ತನ್ನತ್ತ ಸೆಳೆದುಕೊಂಡದ್ದರಿಂದ ‘ಕಮ್ರಿ’ ಆಯಿತು. ಜನಕ್ಕೂ ನಾಡಿಗೂ ಅದೇ ಹೆಸರು. ಇಂದು ಭೇದವಿರುವುದು ಬರವಣಿಗೆಯಲ್ಲಿ ಮಾತ್ರ.

ಮರುಪ್ರಶ್ನೆ: ಹಾಗಾದರೆ ಗಡಿಯ ಸ್ವಾಗತ ಫಲಕದಲ್ಲಿ ‘ಕ್ರೋಯ್ಸೊ ಇ ಗಮ್ರಿ’ (ವೇಲ್ಸಿಗೆ ಸ್ವಾಗತ) ಎಂದು ಗಕಾರವೇಕೆ, ಸರ್?

ಉತ್ತರ: ಮಳೆ, ಕಾಲ ಸೇರಿ ‘ಮಳೆಗಾಲ’ವಾಗುವ ನಮ್ಮ ಆದೇಶ ಸಂಧಿಯನ್ನು ನೆನೆಯಿರಿ. ಸ್ವರಗಳ ನಡುವೆ ಸಿಕ್ಕಿದ ಕಕಾರ ಅಲ್ಲಿಯೂ ಹೀಗೆಯೇ ಮೃದುವಾಯಿತು. ಆದರೆ ವೆಲ್ಷಿನಲ್ಲಿ ಅದು ಕ್ರಮೇಣ ವ್ಯಾಕರಣದ ನಿಯಮವಾಗಿ ನೆಲೆಯೂರಿತು: ‘-ಗೆ’ ಎಂಬರ್ಥದ ‘ಇ’ ಪದಕ್ಕೆ ಮೊದಲು ಬಂದರೆ ‘ಗಮ್ರಿ’, ‘ಮತ್ತು’ ಎಂಬರ್ಥದ ‘ಅ’ ಬಂದರೆ ಗಂಟಲಿನಿಂದ ಉಜ್ಜಿ ಹೊರಡುವ ‘ಖಮ್ರಿ’. ನಾವು ಪದದ ಕೊನೆಗೆ ಪ್ರತ್ಯಯ ಹಚ್ಚುವ ಕಡೆ ಅವರು ಪದಕ್ಕೆ ಮೊದಲು ಉಪಪದವಿಟ್ಟು, ಪದದ ಮೊದಲ ಅಕ್ಷರವನ್ನೇ ಬದಲಿಸುತ್ತಾರೆ. ನಿಘಂಟಿನಲ್ಲಿ ಹುಡುಕುವಾಗ ಮಾತ್ರ ಕಕಾರದಡಿಯಲ್ಲಿಯೇ ನೋಡಬೇಕು.