ಕ್ಯಾಪುಚಿನೊ: ನೊರೆ ಮೇಲೆ, ತೆಳು ಹಾಲು ಕೆಳಗೆ

ಪ್ರಶ್ನೆ (ಕಾರವಾರ)
ಸ್ಟೀಮ್ ನಳಿಕೆ ಇರುವ ಸಣ್ಣ ಎಸ್ಪ್ರೆಸೊ ಮಷಿನ್. ಫಿಲ್ಟರ್ ಕಾಫಿಪುಡಿ 14 ಗ್ರಾಂ ಹಾಕಿದರೆ ಡಿಕಾಕ್ಷನ್ ನಾಲ್ಕು ಹನಿ ಬಿದ್ದು ನಿಂತೇಬಿಡುತ್ತದೆ. ಹಾಲು ಆಕಳದ್ದು, ಕಾಯಿಸಿ ಆರಿಸಿದ್ದು. ನೊರೆಯೆಲ್ಲ ದೊಡ್ಡ ಗುಳ್ಳೆ. ಏನು ಸರಿಮಾಡಬೇಕು?

ಉತ್ತರ (ಶಿರಸಿ)
ಮೊದಲು ಪುಡಿ ಬದಲಿಸಿ. ಪ್ಯಾಕೆಟ್ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಬರೆದಿರುತ್ತದೆ, ನೋಡಿ. ಚಿಕೋರಿ ನೀರು ಕುಡಿದು ಅಂಟಾಗಿ ಬಾಸ್ಕೆಟ್ (ಮಷಿನ್‌ನಲ್ಲಿ ಪುಡಿ ತುಂಬುವ ಜರಡಿ ಬಟ್ಟಲು) ತೂತು ಕಟ್ಟುತ್ತದೆ. ಫಿಲ್ಟರಿಗೆ ಅದು ಚೆಂದ, ಎಸ್ಪ್ರೆಸೊದ 9 ಬಾರ್ ಒತ್ತಡಕ್ಕೆ ಬೇಡ. ಬರೀ ಕಾಫಿಬೀಜ ತಂದು ಬೇಕಾದಾಗಲೇ ಬೀಸಿ. 14 ಗ್ರಾಂ ಪುಡಿಗೆ ಎರಡು ಕಪ್ಪಿನದೂ ಸೇರಿ 50 ಮಿ.ಲೀ. ಡಿಕಾಕ್ಷನ್, ಸುಮಾರು 25 ಸೆಕೆಂಡಿನಲ್ಲಿ. 15ಕ್ಕೇ ಸುರಿದು ಹುಳಿ ಬಂದರೆ ಇನ್ನೂ ನುಣ್ಣಗೆ, 40 ದಾಟಿ ಕಹಿಯಾದರೆ ತುಸು ತರಿಯಾಗಿ. ಮಳೆಗಾಲದಲ್ಲಿ ಬೀಜ ಗ್ರೈಂಡರಿನಲ್ಲೇ ಬಿಡಬೇಡಿ. ತೇವ ಹೀರಿದರೆ ನಿನ್ನೆಯ ಅಳತೆ ಇವತ್ತು ಕೂಡುವುದಿಲ್ಲ.

ಉತ್ತರ (ಕುಮಟಾ)
ಹಾಲಿನ ವಿಷಯ. ಪಾಶ್ಚರೀಕರಿಸಿದ ಟೋನ್ಡ್ ಪ್ಯಾಕೆಟ್ ಹಾಲು (ಕೊಬ್ಬು 3%) ಕಾಯಿಸದೆ, ಫ್ರಿಜ್‌ನಿಂದ ನೇರ ತೆಗೆದು ಬಳಸಿ. ಎರಡು ಕಪ್ಪಿಗೆ 200 ಮಿ.ಲೀ., 350ರ ಸ್ಟೀಲ್ ಜಗ್. ನಳಿಕೆಯಲ್ಲಿ ನಿಂತ ನೀರನ್ನು ಮೊದಲು ಬಟ್ಟೆಗೆ ಬಿಡಿ, ಇಲ್ಲದಿದ್ದರೆ ಅದೂ ಹಾಲಿಗೇ.

ತುದಿ ಹಾಲಿನ ಮೈಗೆ ತಾಗಿದಂತಿರಲಿ. ಕಾಗದ ಹರಿದಂಥ ಚರ್ ಚರ್ ಸದ್ದು ಬರಬೇಕು. ಜಗ್ ಕೈಗೆ ಉಗುರುಬೆಚ್ಚಗಾಗುವ ತನಕ ಮಾತ್ರ ಹೀಗೆ ಹಾಲಿಗೆ ಗಾಳಿ ಸೇರಲಿ. 200 ಇದ್ದದ್ದು 250ಕ್ಕೆ ಏರಿದರೆ ಸಾಕು. ಆಮೇಲೆ ತುದಿ ಅರ್ಧ ಇಂಚು ಮುಳುಗಿಸಿ, ಜಗ್ ಓರೆ ಹಿಡಿದು ಹಾಲನ್ನು ಸುಳಿ ತಿರುಗಿಸಿ. ದೊಡ್ಡ ಗುಳ್ಳೆ ಒಡೆಯುವುದು ಆ ಸುಳಿಯಲ್ಲೇ. ನೀವು ಬಹುಶಃ ಕೊನೆತನಕ ಗಾಳಿ ಎಳೆಯುತ್ತಿದ್ದೀರಿ.

55–60 ಡಿಗ್ರಿಗೆ ನಿಲ್ಲಿಸಿ. 70 ದಾಟಿದರೆ ಕಾಯಿಸಿದ ವಾಸನೆ ಬಂದು ಹಾಲಿನ ಸಿಹಿ ಅಡಗುತ್ತದೆ. ಕುದಿಕುದಿ ಚಾ ಕುಡಿಯುವ ನಮ್ಮ ಬಾಯಿಗೆ ಇದು ಆರಿದ್ದು ಎನಿಸೀತು. ಅದಕ್ಕೆ ಕಪ್ಪನ್ನು ಬಿಸಿನೀರಲ್ಲಿ ಬೆಚ್ಚಗಿಡಿ, ಹಾಲನ್ನು ಮತ್ತೆ ಕಾಯಿಸಬೇಡಿ. 160 ಮಿ.ಲೀ. ಕಪ್ ಸರಿಯಾದ ಅಳತೆ. ಜಗ್ ತಿರುವುತ್ತಲೇ ಸುರಿಯಿರಿ, ಅರೆ ನಿಮಿಷ ಬಿಟ್ಟರೂ ನೊರೆ-ಹಾಲು ಬೇರೆಯಾಗುತ್ತದೆ. ನಳಿಕೆಯನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ.

ಪ್ರಶ್ನೆ (ಕಾರವಾರ)
ಆಕಳ ಹಾಲೇ ಬೇಕೆಂದರೆ?

ಉತ್ತರ (ಶಿರಸಿ)
ಆಗುತ್ತದೆ ಮಾರಾಯ್ರೇ. ಕಾಯಿಸಿ, ರಾತ್ರಿ ಫ್ರಿಜ್‌ನಲ್ಲಿಟ್ಟು, ಕೆನೆ ಪೂರ್ತಿ ತೆಗೆದು ಸೋಸಿ. ಕೆನೆಯ ಚೂರು ಉಳಿದರೆ ನೊರೆ ನಿಲ್ಲದು. ಬೀಜಕ್ಕೆ ಮಾನ್ಸೂನ್ಡ್ ಮಲಬಾರ್ ನೋಡಿ: ನಮ್ಮದೇ ಕರಾವಳಿಯ ಮಳೆಗಾಳಿಗೆ ಹರವಿ ಉಬ್ಬಿಸಿದ್ದು, ಹುಳಿ ಕಡಿಮೆ, ಹಾಲಿನ ಜೊತೆಗೂ ರುಚಿ ಕಳೆದುಕೊಳ್ಳುವುದಿಲ್ಲ.